ಹೆಬ್ಬೆರಳಿನ ಪುಣ್ಯ

ವೃಷಭೇಂದ್ರಪ್ಪನ ಕಷ್ಟಕ್ಕೆಲ್ಲ ಮೂಲ ಅವನ ಬಲಗಾಲಿನ ಹೆಬ್ಬೆರಳು. ಹಾಗಂತ ಅದನ್ನು ಬೈಯುವುದೂ ನ್ಯಾಯವಲ್ಲ. ಹಿಮಾಲಯದ ಗೌರೀಕುಂಡ ಎಂಬ ಬಿಸಿನೀರಿನ ಕೊಳಕ್ಕೆ ಇಳಿದು ಪುಣ್ಯ ಸಂಪಾದಿಸಿದ್ದು ಅವನ ಇಡೀ ಮೈಯಲ್ಲಿ ಅದೊಂದೇ. ಮಿಕ್ಕ ಮೈಯೆಲ್ಲ ದಡದ ಮೇಲೇ ನಿಂತಿತ್ತು. ಈ ಸಂಗತಿ ಚಾಮರಾಜಪೇಟೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗದೆ ಇರಲಪ್ಪಾ ಎಂದು ಅವನು ಹರಿದ್ವಾರದಿಂದ ಬೆಂಗಳೂರಿನವರೆಗೂ ರೈಲಿನಲ್ಲಿ ಕೂತು ಶಿವನನ್ನು ಬೇಡಿಕೊಂಡು ಬಂದಿದ್ದ.

ಬಿಸಿನೀರು ಎಂದರೆ ಅವನಿಗೆ ಆಗದು. ಚಿಕ್ಕಂದಿನಲ್ಲಿ ಒಂದು ದೀಪಾವಳಿಯ ದಿನ ಅವನ ಅಜ್ಜಿ ಎಣ್ಣೆ ಒತ್ತಿ, ಹಂಡೆಯಲ್ಲಿ ಕುದಿಯುತ್ತಿದ್ದ ನೀರನ್ನು ತಣ್ಣೀರು ಬೆರೆಸದೆ ಹಾಗೇ ಮೊಗೆದು ಬೆನ್ನಿಗೆ ಸುರಿದಿದ್ದಳು. ಅವತ್ತು ಬಚ್ಚಲಿನಿಂದ ಓಡಿದವನು ಮತ್ತೆ ಬಿಸಿನೀರಿನ ಹತ್ತಿರ ಸುಳಿದವನಲ್ಲ. ಮದುವೆಯಾಗಿ ಅತ್ತೆಯ ಮನೆಗೇ ಮನೆಯಳಿಯನಾಗಿ ಬಂದ ಮೇಲೂ, ಬೆಳಕು ಹರಿಯುವುದಕ್ಕೆ ಮೊದಲೇ ಎದ್ದು ಹೆಸರಘಟ್ಟದ ನಲ್ಲಿ ನೀರನ್ನು ತಣ್ಣಗೆ ಸುರಿದುಕೊಂಡು ಬಿಡುತ್ತಿದ್ದ. ಅತ್ತೆ ಕಲ್ಯಾಣಮ್ಮನವರು ಇದನ್ನು ನೋಡಿ, ನಮ್ಮ ಅಳಿಯಂದಿರು ಮಾಘದ ಚಳಿಯಲ್ಲೂ ತಣ್ಣೀರು ಬಿಡುವವರಲ್ಲ, ಎಂಥ ನಿಷ್ಠೆ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು. ಹೆದರಿಕೆಗೆ ನಿಷ್ಠೆ ಅಂತ ಹೆಸರು ಬಂದರೆ ಯಾರು ತಾನೇ ಬೇಡ ಅಂತಾರೆ. ಅವನೂ ಬೇಡ ಅನ್ನಲಿಲ್ಲ.

ಈ ಕಲ್ಯಾಣಮ್ಮನವರು ಗಂಡ ತೀರಿಕೊಂಡ ಮೇಲೆ ಮಾಮೂಲ್‌ಪೇಟೆಯ ತಾಮ್ರ ಹಿತ್ತಾಳೆ ಪಾತ್ರೆ ಅಂಗಡಿಯನ್ನೂ, ಚಾಮರಾಜಪೇಟೆಯ ಮನೆಯನ್ನೂ, ಅಳಿಯನನ್ನೂ ಒಂದೇ ಗತ್ತಿನಲ್ಲಿ ನಡೆಸುತ್ತಿದ್ದ ಹೆಂಗಸು. ಅವರಿಗಿದ್ದ ಕೊರಗು ಒಂದೇ. ಇದ್ದೊಬ್ಬ ಮಗಳು ಶಿವಕುಮಾರಿಗೆ ಮದುವೆಯಾಗಿ ವರ್ಷಗಳು ಉರುಳಿದರೂ ಮಕ್ಕಳಾಗಿರಲಿಲ್ಲ. ಹೀಗಿರುವಾಗ ಕೇದಾರ ಯಾತ್ರೆ ಮಾಡಿಬಂದ ಜಂಗಮಯ್ಯನವರೊಬ್ಬರು ಮನೆಗೆ ಬಂದರು. ಕೇದಾರದ ದಾರಿಯಲ್ಲಿ ಸಾಕ್ಷಾತ್ ಗೌರಿ ಸ್ನಾನ ಮಾಡಿದ ಕೊಳವಿದೆ, ಸುತ್ತ ಹಿಮ ಬಿದ್ದಿದ್ದರೂ ಅಲ್ಲಿ ನೆಲದೊಳಗಿಂದ ಬಿಸಿನೀರು ತಾನಾಗಿ ಉಕ್ಕುತ್ತದೆ, ಅಲ್ಲಿಗೆ ಹೊತ್ತ ಹರಕೆ ಹುಸಿ ಹೋಗುವುದಿಲ್ಲ ಎಂದು ಹೇಳಿ, ಪ್ರಸಾದ ಮುಗಿಸಿ ಹೊರಟುಹೋದರು. ಕಲ್ಯಾಣಮ್ಮನವರು ಅವತ್ತೇ ಸಂಜೆ ದೇವರ ಮುಂದೆ ನಿಂತು, ಮಗಳ ಮಡಿಲು ತುಂಬಿದರೆ ನಮ್ಮ ಅಳಿಯಂದಿರು ಬಂದು ನಿನ್ನ ಕೊಳದಲ್ಲಿ ತಲೆ ಮುಳುಗುವಂತೆ ಸ್ನಾನ ಮಾಡುತ್ತಾರೆ ತಾಯಿ ಎಂದು ಹರಕೆ ಹೊತ್ತರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಮೂರು ತಿಂಗಳು ಕಳೆಯುವುದರೊಳಗೆ ಶಿವಕುಮಾರಿಗೆ ಬಸುರು ನಿಂತಿತು.

ಹಿಮ ಕರಗಿ ದಾರಿ ಬಿಡುವ ಹೊತ್ತಿಗೆ ವೃಷಭೇಂದ್ರಪ್ಪನನ್ನು ರೈಲು ಹತ್ತಿಸಿದರು. ಪುಣ್ಯಕ್ಷೇತ್ರಕ್ಕೆ ಹೋದವರು ತಮ್ಮ ಮುಳುಗಿನ ಜೊತೆಗೆ ಬೇಕಾದವರ ಹೆಸರು ಹೇಳಿ ಅವರ ಪಾಲಿಗೂ ಒಂದೊಂದು ಮುಳುಗು ಹಾಕಿ ಬರುವುದು ವಾಡಿಕೆ ತಾನೆ. ಅದರಂತೆ ಬೀದಿಯವರೆಲ್ಲ ತಮ್ಮ ತಮ್ಮ ಮುಳುಗನ್ನು ಅವನಿಗೆ ಒಪ್ಪಿಸಿದರು. ಪಕ್ಕದ ಮನೆಯ ಲಕ್ಷ್ಮೀದೇವಮ್ಮ ತನ್ನ ಮಂಡಿನೋವಿಗೆ ಒಂದು ಎಂದರು. ತರಕಾರಿ ಗಾಡಿ ಹೊಡೆಯುವ ಮುನಿಗಂಗಪ್ಪ ಕುಂಟುತ್ತಿದ್ದ ತನ್ನ ಎತ್ತಿನ ಹೆಸರಿನಲ್ಲಿ ಒಂದು ಎಂದ. ಎದುರು ಮನೆಯ ಬದರೀನಾರಾಯಣ ರಾಯರು ಮಾತ್ರ ಮುಳುಗು ಕೇಳಲಿಲ್ಲ, ಉಪದೇಶ ಕೊಟ್ಟರು. ಹೆಸರಿನಲ್ಲಿ ಬದರಿ ಇರುವುದರಿಂದ ಹಿಮಾಲಯವೆಲ್ಲ ತಮ್ಮ ಹಿತ್ತಲು ಎಂದು ಅವರ ಎಣಿಕೆ. ತುಮಕೂರು ದಾಟಿದವರಲ್ಲ.

ವೃಷಭೇಂದ್ರಪ್ಪ ಗೌರೀಕುಂಡದವರೆಗೆ ಹೋದದ್ದು ನಿಜ. ದಿನಗಟ್ಟಲೆ ಬೆಟ್ಟ ಹತ್ತಿದ್ದೂ ನಿಜ. ಆ ಬೆಟ್ಟಗಳನ್ನು ನೋಡಿ ಅವನಿಗೆ ಕಣ್ಣಲ್ಲಿ ನೀರು ಬಂದಿದ್ದೂ ನಿಜ. ಕೊಳ ನಮ್ಮ ಕಡೆಯ ಕಲ್ಯಾಣಿಯಂತೆ ಕಲ್ಲು ಕಟ್ಟಿದ್ದು, ಚಿಕ್ಕದು. ಮೇಲೆಲ್ಲ ಹಬೆ ಆಡುತ್ತಿತ್ತು. ಜನ ಹರಹರ ಎಂದು ಇಳಿದು ಕೆಂಪಗಾಗಿ ಎದ್ದು ಬರುತ್ತಿದ್ದರು. ಅವನು ಶಿವಕುಮಾರಿಯನ್ನು ನೆನೆದ, ಅತ್ತೆಯನ್ನು ನೆನೆದ, ಕಣ್ಣು ಮುಚ್ಚಿ ಬಲಗಾಲಿನ ಹೆಬ್ಬೆರಳನ್ನು ಇಳಿಬಿಟ್ಟ. ಅದೂ ಇಳಿಬಿಟ್ಟದ್ದು ಬೇರೆಲ್ಲೂ ಅಲ್ಲ, ನೀರು ಉಕ್ಕಿ ಬರುವ ಬಾಯಿಗೇ. ಚುರ್ ಎಂದದ್ದೇ ತಡ, ಅಜ್ಜಿಯ ದೀಪಾವಳಿ ಬೆನ್ನ ಮೇಲೆ ಬಂದು ಕೂತಂತಾಗಿ ಅವನು ಒಂದೇ ಓಟಕ್ಕೆ ಪಕ್ಕದ ಮಂದಾಕಿನಿ ಹೊಳೆಯ ದಂಡೆಯಲ್ಲಿದ್ದ. ಆ ಹೊಳೆಯ ಮಂಜಿನಂಥ ನೀರಿನಲ್ಲಿ ಸುಖವಾಗಿ ಮುಳುಗಿ ಎದ್ದ. ಒದ್ದೆ ಪಂಚೆಯಲ್ಲಿ ಬಂದವನನ್ನು ನೋಡಿ ಜೊತೆಯ ಯಾತ್ರಿಕರು ಕೊಳದ ಸ್ನಾನವೇ ಆಯಿತೆಂದುಕೊಂಡರು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದು ಅವನೂ ಸುಮ್ಮನಾದ. ಅವರಲ್ಲೇ ಒಬ್ಬರು ಅವನ ತಂಬಿಗೆಗೆ ಕೊಳದ ನೀರು ತುಂಬಿಕೊಟ್ಟರು. ಅದನ್ನು ಹರಿದ್ವಾರದಲ್ಲಿ ಬೆಸುಗೆ ಹಾಕಿಸಿ ತಂದ.

ಆದರೆ ರೈಲು ಮನೆಯ ಕಡೆಗೆ ತಿರುಗಿದಾಗ ಎದೆ ಹೊಡೆದುಕೊಳ್ಳಲು ಶುರುವಾಯಿತು. ಬೇಡಿದ್ದನ್ನು ದೇವಿ ಕೊಟ್ಟಾಗಿದೆ, ನಾನು ಕೊಡಬೇಕಾದ್ದನ್ನು ಕೊಟ್ಟಿಲ್ಲ. ಹೆರಿಗೆಯಲ್ಲಿ ಶಿವಕುಮಾರಿಗೆ ಏನಾದರೂ ಆದರೆ? ಅವಳೆಂದರೆ ಅವನಿಗೆ ಪ್ರಾಣ. ಅತ್ತೆಯ ಗತ್ತಿನ ಆ ಮನೆಯಲ್ಲಿ ಅವನನ್ನು ಊಟವಾಯಿತೇ ಎಂದು ಕೇಳುತ್ತಿದ್ದವಳು ಅವಳೊಬ್ಬಳೇ.

ಸಂಜೆ ಅವನು ಮನೆ ಸೇರಿದಾಗ ತುಂಬು ಬಸುರಿ ಶಿವಕುಮಾರಿ ಕಷ್ಟಪಟ್ಟು ಬಗ್ಗಿ ಗಂಡನ ಪಾದ ಮುಟ್ಟಿದಳು. ಬಗ್ಗಿದವಳು ಬಹಳ ಹೊತ್ತು ತಲೆಯೆತ್ತಲಿಲ್ಲ. ಪಾಪ, ಏಳಲು ಆಗುತ್ತಿಲ್ಲ ಎಂದುಕೊಂಡು ಅವನೇ ಕೈಕೊಟ್ಟು ಎಬ್ಬಿಸಿದ. ಚರ್ಮ ಸುಲಿದು ಬದನೆಕಾಯಿ ಬಣ್ಣಕ್ಕೆ ತಿರುಗಿದ್ದ ಹೆಬ್ಬೆರಳನ್ನು ನೋಡಿ ಕಲ್ಯಾಣಮ್ಮನವರು ಏನಾಯಿತೆಂದು ಕೇಳಿದರು. ದಾರಿಯಲ್ಲಿ ಎಡವಿದೆ ಎಂದ. ಅದನ್ನು ಯಾರೂ ಮತ್ತೆ ಕೇಳಲಿಲ್ಲ.

ಮರುದಿನ ಬೆಳಗ್ಗೆ ಎದ್ದು ತಣ್ಣೀರು ಸುರಿದುಕೊಂಡು ವಿಭೂತಿ ಇಟ್ಟುಕೊಳ್ಳುವಷ್ಟರಲ್ಲೇ ಬೀದಿ ಬಂದು ಪಡಸಾಲೆಯಲ್ಲಿ ಕೂತಿತ್ತು. ಯಾತ್ರೆ ಮಾಡಿಬಂದವರ ಕಾಲು ತೊಳೆದು ನಮಸ್ಕಾರ ಮಾಡಿದರೆ ಯಾತ್ರೆಯ ಪುಣ್ಯದಲ್ಲಿ ಪಾಲು ಸಿಗುತ್ತದಂತೆ. ಅವನನ್ನು ಮಣೆಯ ಮೇಲೆ ಕೂರಿಸಿದರು. ಲಕ್ಷ್ಮೀದೇವಮ್ಮ ತಂಬಿಗೆ ಹಿಡಿದು ಬಂದರು. ದಣಿದ ಕಾಲಿಗೆ ಹಿತವಾಗಿರಲಿ ಎಂದು ಪುಣ್ಯಾತ್ಗಿತ್ತಿ ಬಿಸಿನೀರನ್ನೇ ತಂದಿದ್ದರು. ಮೊದಲ ಹನಿ ಬಿದ್ದದ್ದೇ ವೃಷಭೇಂದ್ರಪ್ಪ ಎರಡು ಕಾಲನ್ನೂ ಮಣೆಯ ಮೇಲಕ್ಕೆ ಎಳೆದುಕೊಂಡು ಕೋಳಿಯ ಹಾಗೆ ಮುದುರಿ ಕೂತ.

“ಇದೇನ್ರೀ ಇದು,” ಎಂದರು ಬದರೀನಾರಾಯಣ ರಾಯರು. “ಗೌರೀಕುಂಡದಲ್ಲೇ ಮುಳುಗಿ ಬಂದೋರಿಗೆ ಇದ್ಯಾವ ಬಿಸಿ?”

ಕುಂಡದ ನೀರು ಬಿದ್ದ ಕಾಲಿಗೆ ಬೇರೆ ಬಿಸಿನೀರು ಬೀಳಬಾರದೆಂದು ಅಲ್ಲಿನ ಸ್ವಾಮಿಗಳು ಹೇಳಿದ್ದಾರೆ ಎಂದು ವೃಷಭೇಂದ್ರಪ್ಪ ಬಾಯಿಗೆ ಬಂದದ್ದನ್ನು ಹೇಳಿದ. ಕಲ್ಯಾಣಮ್ಮನವರು ಕೈಮುಗಿದು ತಣ್ಣೀರು ತರಿಸಿದರು. ಆಮೇಲೆ ಸಾಲಾಗಿ ನಮಸ್ಕಾರ. ಎಲ್ಲರೂ ಬಲಗಾಲಿನ ಹೆಬ್ಬೆರಳನ್ನೇ ಮುಟ್ಟಿ ಕಣ್ಣಿಗೊತ್ತಿಕೊಂಡರು. ಅದಕ್ಕೆ ಸಲ್ಲುವ ಮರ್ಯಾದೆ ಅದಕ್ಕೆ ಸಲ್ಲುತ್ತಿದೆ, ಇದರಲ್ಲಿ ಮೋಸವೇನೂ ಇಲ್ಲ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಮುನಿಗಂಗಪ್ಪನ ಸಂತೋಷವಂತೂ ಹೇಳತೀರದು. ವೃಷಭೇಂದ್ರಪ್ಪನವರು ಅಲ್ಲಿ ಮುಳುಗಿದ ಹೊತ್ತಿಗೇ ಇಲ್ಲಿ ಎತ್ತಿನ ಕುಂಟು ಬಿಟ್ಟಿತಂತೆ. ಲಕ್ಷ್ಮೀದೇವಮ್ಮನಿಗೆ ಅಷ್ಟು ಸಮಾಧಾನವಿರಲಿಲ್ಲ. ಅವರ ಎಡಮಂಡಿ ವಾಸಿಯಾಗಿತ್ತು, ಬಲಮಂಡಿ ಇದ್ದಹಾಗೇ ಇತ್ತು. “ನನ್ನ ಹೆಸರಲ್ಲಿ ಮುಳುಗೋವಾಗ ಒಂದು ಕಾಲು ನೀರಿಂದ ಆಚೆ ಇತ್ತೇನೋ ನೋಡಿ, ಜ್ಞಾಪಿಸಿಕೊಳ್ಳಿ,” ಎಂದರು. ವೃಷಭೇಂದ್ರಪ್ಪ ಜ್ಞಾಪಿಸಿಕೊಳ್ಳುವವನ ಹಾಗೆ ಸೂರು ನೋಡಿದ.

ರಾಯರು ಮೀಸೆ ತಿರುವುತ್ತಾ ನೀರು ಎಷ್ಟು ಆಳವಿತ್ತೆಂದು ಕೇಳಿದರು. ಎದೆಮಟ್ಟ ಎಂದ. ಸ್ವಲ್ಪ ಹೊತ್ತಿನ ಮೇಲೆ ಅದನ್ನೇ ಮುನಿಗಂಗಪ್ಪ ಕೇಳಿದಾಗ ಕತ್ತುಮಟ್ಟ ಎಂದುಬಿಟ್ಟ. ರಾಯರ ಮೀಸೆ ತಿರುವುವ ಕೈ ನಿಂತಿತು. ಅವರು ಇನ್ನೇನೋ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಒಳಗಿನ ಕೋಣೆಯಿಂದ ಶಿವಕುಮಾರಿ ಅಮ್ಮಾ ಎಂದು ಕೂಗಿದಳು. ಅವಳಿಗೆ ನೋವು ಕಾಣಿಸಿಕೊಂಡಿತ್ತು.

ಸೂಲಗಿತ್ತಿ ಲಕ್ಕಮ್ಮ ಬಂದಳು. ಬಂದವಳೇ ಹಿತ್ತಲಿನ ಬಚ್ಚಲಿನ ಹಂಡೆಗೆ ಉರಿ ಹಾಕಿಸಿ, ನೀರು ಕುದಿಯುತ್ತಲೇ ಇರಲಿ, ಬೇಕಾಗುತ್ತದೆ ಎಂದು ಹೇಳಿ ಕೋಣೆಯ ಬಾಗಿಲು ಹಾಕಿಕೊಂಡಳು. ಹೊತ್ತು ಏರಿತು. ಮಧ್ಯಾಹ್ನವಾಯಿತು. ಒಳಗಿನಿಂದ ಆಗಾಗ ಶಿವಕುಮಾರಿಯ ನರಳಾಟ ಕೇಳಿಬರುತ್ತಿತ್ತು, ಪ್ರತಿ ಸಲವೂ ವೃಷಭೇಂದ್ರಪ್ಪ ಎದ್ದು ನಿಂತು ಮತ್ತೆ ಕೂತುಕೊಳ್ಳುತ್ತಿದ್ದ. ಬೀದಿಯವರು ಮಾತ್ರ ಒಬ್ಬರೂ ಕದಲಲಿಲ್ಲ. ಹೆಂಗಸರು ಕೋಣೆಯ ಬಾಗಿಲಿಗೇ ಕಿವಿ ಹಚ್ಚಿ, ಇನ್ನೂ ಯಾಕೆ ಆಗಲಿಲ್ಲ, ಇನ್ನೂ ಯಾಕೆ ಆಗಲಿಲ್ಲ ಎಂದು ಲಕ್ಕಮ್ಮನ ಪ್ರಾಣ ತಿಂದರು. ಚೊಚ್ಚಲು ಕಣವ್ವ, ಹೊತ್ತಾಗ್ತದೆ ಎಂದು ಅವಳು ಹೇಳಿ ಹೇಳಿ ಸಾಕಾಗಿ ಕೊನೆಗೆ ಬಾಗಿಲು ತೆರೆದು ಹೊರಗೆ ಬಂದಳು.

“ಈ ಮನೇಲಿ ಇರೋರ್ದು ಯಾರ್ದೋ ಹರಕೆ ಬಾಕಿ ಉಳ್ಕಂಡದೆ,” ಎಂದಳು. “ಅದು ತೀರೋಗಂಟ ಮಗ ಈಚೆಗೆ ಬರಾಕಿಲ್ಲ.”

ಲಕ್ಕಮ್ಮ ಇದನ್ನು ಹೋದ ಮನೆಯಲ್ಲೆಲ್ಲ ಹೇಳುತ್ತಿದ್ದಳು. ಹೇಳಿದರೆ ಗುಂಪು ಚದುರುತ್ತದೆ, ಗಾಳಿ ಆಡುತ್ತದೆ, ಅವಳ ಕೆಲಸ ಅವಳು ನೋಡಿಕೊಳ್ಳಬಹುದು. ಈಗಲೂ ಹಾಗೇ ಆಯಿತು. ಹರಕೆ ಬಾಕಿ ಇಲ್ಲದ ಮನುಷ್ಯ ಚಾಮರಾಜಪೇಟೆಯಲ್ಲಿ ಯಾರಿದ್ದಾರೆ. ಲಕ್ಷ್ಮೀದೇವಮ್ಮ ಹೋದ ವರ್ಷ ದೊಡ್ಡ ಗಣಪತಿಗೆ ಹೇಳಿಕೊಂಡಿದ್ದ ಕಡುಬನ್ನು ನೆನೆಸಿಕೊಂಡು ಅಕ್ಕಿಹಿಟ್ಟು ಕಲಸಲು ಓಡಿದರು. ಮುನಿಗಂಗಪ್ಪ ಅಣ್ಣಮ್ಮನ ಗುಡಿಗೆ ದೀಪ ಹಚ್ಚುತ್ತೇನೆಂದು ಹೇಳಿ ಮರೆತಿದ್ದನಂತೆ, ಗಾಡಿ ಕಟ್ಟಿಕೊಂಡು ಹೊರಟ. ರಾಯರು ಮಾತ್ರ ಏನೂ ಹೇಳದೆ ತಲೆ ತಗ್ಗಿಸಿ ಮನೆಗೆ ಹೋದವರು ಮೀಸೆ ಬೋಳಿಸಿಕೊಂಡು ಬಂದರು. ಅದು ಯಾವ ದೇವರಿಗೆ, ಯಾವಾಗ ಹೊತ್ತದ್ದು ಎಂದು ಇವತ್ತಿನವರೆಗೂ ಯಾರಿಗೂ ತಿಳಿಯದು. ನೆರೆಮನೆಯ ಮಗುವಿಗಾಗಿ ತನ್ನ ಮೀಸೆ ಕಳೆದುಕೊಂಡವರನ್ನು ಒಳ್ಳೆಯವರಲ್ಲ ಅನ್ನುವುದು ಹೇಗೆ.

ಬೀದಿಯ ಬಾಕಿಯೆಲ್ಲ ತೀರಿದರೂ ಮಗು ಹುಟ್ಟಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಮತ್ತೆ ಪಡಸಾಲೆಗೆ ಬಂದು ಸೇರಿದರು. ಕಲ್ಯಾಣಮ್ಮನವರ ಗತ್ತು ಆ ಹೊತ್ತಿಗೆ ಪೂರಾ ಇಳಿದುಹೋಗಿತ್ತು. ನಮ್ಮ ಮನೆಯ ಹರಕೆ ಇದ್ದದ್ದು ಒಂದೇ, ಅದನ್ನು ಅಳಿಯಂದಿರು ತೀರಿಸಿ ಬಂದಿದ್ದಾರೆ ಎಂದು ಕಣ್ಣೊರೆಸಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ವೃಷಭೇಂದ್ರಪ್ಪ ಹೆಬ್ಬೆರಳನ್ನು ಪಂಚೆಯ ಅಂಚಿನಿಂದ ಮುಚ್ಚಿಕೊಂಡ. ಮುಚ್ಚಿಕೊಂಡದ್ದನ್ನು ಬದರೀನಾರಾಯಣ ರಾಯರು ನೋಡಿದರು.

“ಬೆಳಗ್ಗೆ ಎದೆಮಟ್ಟ ಅಂದ್ರಿ, ಆಮೇಲೆ ಕತ್ತುಮಟ್ಟ ಅಂದ್ರಿ,” ಎಂದರು ಅವರು ಮೀಸೆಯಿಲ್ಲದ ಬಾಯಿಯಲ್ಲಿ. “ಹೋಗ್ಲಿ ಬಿಡಿ. ತಲೆ ಪೂರ್ತಿ ಮುಳುಗಿತು ತಾನೆ?”

ಕಲ್ಯಾಣಮ್ಮನವರು ಅಳಿಯನ ಮುಖ ನೋಡಿದರು. ಆ ನೋಟದಲ್ಲಿ ಸಂಶಯವಿರಲಿಲ್ಲ, ನಂಬಿಕೆಯೇ ಇತ್ತು, ಅದರಿಂದಲೇ ಅವನಿಗೆ ತಡೆಯಲಾಗಲಿಲ್ಲ. ಹೇಳಿಬಿಡೋಣ ಎಂದು ಬಾಯಿ ತೆರೆದ. ಹೇಳಿದರೆ ಈ ಮನೆಯಲ್ಲಿ ಅವನಿಗೆ ಜಾಗವಿಲ್ಲ, ಅದಿರಲಿ, ಹೇಳಿದ ಮಾತ್ರಕ್ಕೆ ಹರಕೆ ತೀರುತ್ತದೆಯೇ? ಅಷ್ಟರಲ್ಲಿ ಒಳಗೆ ಶಿವಕುಮಾರಿ ಹಿಂದೆಂದೂ ಕೂಗದ ಹಾಗೆ ಕೂಗಿದಳು.

“ನಾನು ಸ್ನಾನ ಮಾಡ್ಬೇಕು,” ಎಂದ ವೃಷಭೇಂದ್ರಪ್ಪ. ಯಾರಿಗೂ ಅರ್ಥವಾಗುವುದರೊಳಗೆ ದೇವರ ಗೂಡಿನಲ್ಲಿದ್ದ ಗೌರೀಕುಂಡದ ತಂಬಿಗೆಯನ್ನು ಕೈಗೆತ್ತಿಕೊಂಡು ಹಿತ್ತಲಿಗೆ ನಡೆದಿದ್ದ.

ಬಚ್ಚಲಿನ ಮೂಲೆಯಲ್ಲಿ ಅಂಗಡಿಯ ದೊಡ್ಡ ತಾಮ್ರದ ಕೊಪ್ಪರಿಗೆ ಇತ್ತು. ಮದುವೆಯ ಅಡುಗೆಗೆಂದು ಯಾರೋ ಹೇಳಿ ಮಾಡಿಸಿದ್ದು, ಒಬ್ಬ ಮನುಷ್ಯ ಮಂಡಿ ಮಡಚಿ ಆರಾಮವಾಗಿ ಕೂರಬಹುದು. ಅವನು ಬಾಗಿಲಿಗೆ ಅಗಳಿ ಹಾಕಿ, ಹಂಡೆಯಲ್ಲಿ ಕಾದಿದ್ದ ನೀರನ್ನು ಮುಖ ತಿರುಗಿಸಿಕೊಂಡು ಕೊಡ ಕೊಡವಾಗಿ ಕೊಪ್ಪರಿಗೆಗೆ ತುಂಬಿದ. ತಂಬಿಗೆಯ ಬೆಸುಗೆಯನ್ನು ಕುಡುಗೋಲಿನಿಂದ ಕಿತ್ತು, ಹಿಮಾಲಯದಿಂದ ಬಂದ ನೀರನ್ನೆಲ್ಲ ಅದರೊಳಕ್ಕೆ ಸುರಿದ. ತಾಯಿ, ನಿನ್ನ ಕೊಳಕ್ಕೆ ನಾನು ಇಳಿಯಲಿಲ್ಲ, ನಿನ್ನ ಕೊಳವೇ ಇಲ್ಲಿಗೆ ಬಂದಿದೆ ಎಂದುಕೋ, ಅವಳನ್ನು ಉಳಿಸು ಎಂದು ಬೇಡಿಕೊಂಡ. ಅವನಿಗೆ ಅಳು ಬಂದಿತ್ತು.

ಅಂಗಿ ಬಿಚ್ಚಿ ಒಂದು ಕಾಲು ಎತ್ತುವಷ್ಟರಲ್ಲಿ ಬಾಗಿಲು ಬಡಿದ ಸದ್ದು. ಲಕ್ಷ್ಮೀದೇವಮ್ಮ. ಶಿವಕುಮಾರಿಗೆ ಒಂದು ಗುಟುಕು ಗೌರೀಕುಂಡದ ತೀರ್ಥ ಕುಡಿಸಬೇಕಂತೆ, ಕಲ್ಯಾಣಮ್ಮನವರು ತಂಬಿಗೆ ಬೇಕು ಅನ್ನುತ್ತಿದ್ದಾರೆ, ಬೇಗ ಕೊಡಿ.

ತಂಬಿಗೆ ಬರಿದಾಗಿತ್ತು. ವೃಷಭೇಂದ್ರಪ್ಪ ಅದನ್ನು ಬೋರಲು ಹಾಕಿ ನೋಡಿದ. ಆಮೇಲೆ ಹೊಳೆಯಿತು, ತೀರ್ಥ ಎಲ್ಲೂ ಹೋಗಿಲ್ಲ, ಕೊಪ್ಪರಿಗೆಯಲ್ಲೇ ಇದೆ. ಅದನ್ನೇ ತಂಬಿಗೆಗೆ ಮೊಗೆದು, ಬಾಗಿಲು ಒಂದಿಷ್ಟೇ ತೆರೆದು ಹೊರಗೆ ಚಾಚಿದ. ಲಕ್ಷ್ಮೀದೇವಮ್ಮ ಕೈಗೆ ತೆಗೆದುಕೊಂಡವರು ತಂಬಿಗೆಯನ್ನು ಬೀಳಿಸುವುದರಲ್ಲಿದ್ದರು.

“ಅಯ್ಯೋ ಶಿವನೇ,” ಎಂದರು. “ಇನ್ನೂ ಬಿಸಿ ಇದೆಯಲ್ಲ.”

ಹಿಮಾಲಯದಲ್ಲಿ ತುಂಬಿದ ನೀರು, ಬೆಟ್ಟ ಇಳಿದು, ರೈಲಿನಲ್ಲಿ ದೇಶವೆಲ್ಲ ಸುತ್ತಿ ಬಂದ ನೀರು, ಚಾಮರಾಜಪೇಟೆಯಲ್ಲಿ ಹೊಗೆಯಾಡುತ್ತಿದೆ. ಸುದ್ದಿ ಲಕ್ಷ್ಮೀದೇವಮ್ಮನ ಮಂಡಿಗಿಂತ ವೇಗವಾಗಿ ಪಡಸಾಲೆ ಮುಟ್ಟಿತು. ಜನ ಮೇಲೆ ಬಿದ್ದು ತಂಬಿಗೆಯನ್ನು ಮುಟ್ಟಿ ಮುಟ್ಟಿ ಕೈ ಸುಟ್ಟುಕೊಂಡರು, ಸುಟ್ಟ ಕೈಯನ್ನೇ ಕಣ್ಣಿಗೊತ್ತಿಕೊಂಡರು. ಬದರೀನಾರಾಯಣ ರಾಯರಂತೂ ಗದ್ಗದಿತರಾಗಿ, ಭೂಮಿಯ ಹೊಟ್ಟೆಯ ಶಾಖ ಅದು, ಆರುವ ಮಾತಿಲ್ಲ, ನನಗೆ ಮೊದಲೇ ಗೊತ್ತಿತ್ತು ಎಂದು ಹೇಳಿ, ಸಂಶಯಪಟ್ಟಿದ್ದಕ್ಕೆ ಗಲ್ಲ ಬಡಿದುಕೊಂಡರು. ಇಷ್ಟೆಲ್ಲವನ್ನೂ ವೃಷಭೇಂದ್ರಪ್ಪ ಬಚ್ಚಲಿನಿಂದಲೇ ಕೇಳಿಸಿಕೊಂಡ. ಇನ್ನು ನಿಜ ಹೇಳುವ ದಾರಿಯೂ ಮುಚ್ಚಿತು ಎಂದು ಅವನಿಗೆ ತಿಳಿಯಿತು.

ಉಳಿದದ್ದು ಕೊಪ್ಪರಿಗೆ. ಅವನು ಬಲಗಾಲನ್ನು ಇಳಿಬಿಟ್ಟ. ಹೆಬ್ಬೆರಳು ಹಳೆಯ ಪರಿಚಯದ ಮೇಲೆ ಹಿಂದಕ್ಕೆ ಎಳೆಯಿತು. ಒಳಗಿನಿಂದ ಮತ್ತೊಂದು ಕೂಗು ಬಂತು, ಕ್ಷೀಣವಾಗಿ. ಅಷ್ಟೇ ಸಾಕಾಯಿತು. ಶಿವಕುಮಾರಿ ಎನ್ನುತ್ತಾ ಕಣ್ಣು ಮುಚ್ಚಿ ಎರಡು ಕಾಲನ್ನೂ ಇಟ್ಟು, ಕೂತು, ಮೂಗು ಹಿಡಿದು, ತಲೆಯನ್ನು ಪೂರ್ತಿ ಮುಳುಗಿಸಿದ. ಆ ಹೊತ್ತಿಗೆ ನೀರು ಆರಿ, ಬಾಣಂತಿಗೆ ಹಾಕುವಷ್ಟು ಬಿಸಿಗೆ ಬಂದಿತ್ತೆಂದು ತಿಳಿದವರು ಹೇಳಿಯಾರು. ಅವನ ಪಾಲಿಗೆ ಅದು ಅಗ್ನಿಕುಂಡವೇ. ತಲೆಯೆತ್ತಿ ಅವನು ಕೂಗಿದ ಕೂಗು ಬೀದಿಯ ಕೊನೆಯವರೆಗೂ ಕೇಳಿಸಿತು.

ಅವನ ಕೂಗು ನಿಂತಾಗ ಇನ್ನೊಂದು ಕೂಗು ಕೇಳಿಸಿತು. ಚಿಕ್ಕದು, ಹೊಸದು. ಮಗು ಅಳುತ್ತಿತ್ತು.

ವೃಷಭೇಂದ್ರಪ್ಪ ಕೊಪ್ಪರಿಗೆಯಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತ. ಹರಕೆ ತೀರಿತು, ಅವಳು ಉಳಿದಳು, ಇನ್ನು ಜನ್ಮದಲ್ಲಿ ಬಿಸಿನೀರು ಮುಟ್ಟುವ ಗೊಡವೆಯಿಲ್ಲ. ಇಷ್ಟು ಹಗುರವಾಗಿ ಅವನ ಮನಸ್ಸು ಎಂದೂ ಇದ್ದಿಲ್ಲ. ಹೊರಗೆ ಬಂದರೆ ಎದುರಿಗೇ ಲಕ್ಕಮ್ಮ ನಿಂತಿದ್ದಳು. ತಾಯಿ ಮಗುವಿಗೆಂದು ಕಾಯಿಸಿಟ್ಟ ನೀರನ್ನೆಲ್ಲ ಸುರಿದುಕೊಂಡು ಕೂರಲು ಇದೇ ಹೊತ್ತು ಸಿಕ್ಕಿತೇ ಎಂದು ಚೆನ್ನಾಗಿ ಬೈದು, ಒಲೆ ಊದಲು ಕೂರಿಸಿದಳು. ಅವನು ನಗುನಗುತ್ತಾ ಊದಿದ.

ನೀರು ಕಾದ ಮೇಲೆ ಪಡಸಾಲೆಗೆ ಬಂದ. ಮೈಯೆಲ್ಲ ಕೆಂಪು ಕೆಂಪಾಗಿತ್ತು, ಸಂತೋಷಕ್ಕೆ ಹಾಗಾಗಿದೆ ಎಂದು ಜನ ಅಂದುಕೊಂಡರು. ಹೆಣ್ಣು ಮಗುವಂತೆ. ಗೌರಿ ಎಂದೇ ಹೆಸರಿಡುವುದಂತೆ. ಕಲ್ಯಾಣಮ್ಮನವರು ಕಲ್ಲುಸಕ್ಕರೆ ಹಂಚುತ್ತಿದ್ದರು, ಹೋದ ಗತ್ತು ಬಡ್ಡಿ ಸಮೇತ ವಾಪಸು ಬಂದಿತ್ತು. ಅಳಿಯನನ್ನು ಕಂಡು ಹತ್ತಿರ ಕರೆದರು.

“ಎಂಥಾ ಜಾಗೃತ ದೇವತೆ ಅಂತೀರಿ,” ಎಂದರು. “ತೀರ್ಥ ಇನ್ನೂ ಬಿಸಿಯಾಗಿತ್ತಲ್ಲ, ಅದನ್ನ ನೋಡಿ ನಂಗೆ ಧೈರ್ಯ ಬಂತು. ಮಗು ಸುಸೂತ್ರವಾಗಿ ಈಚೆ ಬಂದ್ರೆ ಅಳಿಯಂದ್ರು ಇನ್ನೊಂದ್ಸಲ ಬಂದು ಮುಳುಗ್ತಾರೆ ತಾಯೀ ಅಂತ ಕೈಮುಗಿದೆ ನೋಡಿ. ಕೈ ಇಳಿಸೋದ್ರೊಳಗೆ ಅತ್ತುಬಿಡ್ತು ಮಗು.”

ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ. ವೃಷಭೇಂದ್ರಪ್ಪ ಅಲ್ಲೇ ಕಂಬ ಹಿಡಿದುಕೊಂಡ. ಮಗು ಹುಟ್ಟಿದ್ದು ನಿಮ್ಮ ಹೊಸ ಹರಕೆಗಲ್ಲ, ನಾನು ಕೊಪ್ಪರಿಗೆಯಲ್ಲಿ ಮುಳುಗಿದ್ದಕ್ಕೆ ಎಂದು ಹೇಳಬೇಕು. ಹೇಳಿದರೆ ಕೊಪ್ಪರಿಗೆಯಲ್ಲಿ ಯಾಕೆ ಮುಳುಗಿದಿರಿ ಎಂದು ಕೇಳುತ್ತಾರೆ. ಅಲ್ಲಿ ಮುಳುಗಲಿಲ್ಲ ಅಂತ ಒಪ್ಪಿಕೊಂಡರೆ ಹಳೆಯ ಹರಕೆಗೆ ಹೋಗಬೇಕು, ಒಪ್ಪಿಕೊಳ್ಳದಿದ್ದರೆ ಹೊಸ ಹರಕೆಗೆ ಹೋಗಬೇಕು. ಎರಡು ದಾರಿಯೂ ಒಂದೇ ಕೊಳಕ್ಕೆ ಹೋಗುತ್ತಿತ್ತು. ಅವನು ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡು ಆಗಲಿ ಎಂದು ತಲೆಯಾಡಿಸಿದ. ಈ ಸಲ ಬಲಮಂಡಿಗೆ ಬೇರೆಯಾಗಿಯೇ ಒಂದು ಮುಳುಗು ಹಾಕಿ ಎಂದು ಲಕ್ಷ್ಮೀದೇವಮ್ಮ ಆಗಲೇ ಹೇಳುತ್ತಿದ್ದರು.

ಸಂಜೆಯಾಗುತ್ತಾ ಬೀದಿಯವರೆಲ್ಲ ಹೊರಟುಹೋದ ಮೇಲೆ ಅವನನ್ನು ಕೋಣೆಯೊಳಗೆ ಬಿಟ್ಟರು. ಶಿವಕುಮಾರಿ ಬಿಳಿಚಿಕೊಂಡಿದ್ದಳು, ಆದರೆ ನಗುತ್ತಿದ್ದಳು. ಅವನು ಬಗ್ಗಿ ಮಗುವನ್ನೇ ನೋಡುತ್ತಾ ನಿಂತ. ಅವಳೇ ಮೆಲ್ಲಗೆ ಶುರುಮಾಡಿದಳು.

“ನೀವು ಅಲ್ಲಿ ಮುಳುಗಿಲ್ಲ ಅಲ್ವಾ?”

ಅವನು ಹೆಬ್ಬೆರಳನ್ನು ಪಂಚೆಯ ಅಂಚಿನೊಳಕ್ಕೆ ಎಳೆದುಕೊಂಡ.

“ನಿನ್ನೆ ನಮಸ್ಕಾರ ಮಾಡ್ದಾಗ್ಲೇ ನೋಡ್ದೆ. ಮೈಯೆಲ್ಲ ಮುಳುಗಿದ್ರೆ ಒಂದೇ ಒಂದು ಹೆಬ್ಬೆರಳು ಹೇಗ್ರೀ ಸುಡುತ್ತೆ? ತಣ್ಣೀರು ನಿಷ್ಠೆ ಎಂಥದ್ದು ಅಂತ ನಂಗೊತ್ತಿಲ್ವಾ? ಇವತ್ತು ಲಕ್ಕಮ್ಮ ಹರಕೆ ಬಾಕಿ ಅಂದಾಗ ನಂಗೂ ಭಯ ಆಯ್ತು. ಅಮ್ಮಂಗೆ ಹೇಳಿದ್ರೆ ನಿಮ್ಮ ಮಾನ ಹೋಗುತ್ತೆ. ಅದಕ್ಕೇ ಇನ್ನೊಂದು ಹರಕೆ ಹೊತ್ಕೋ ಅಮ್ಮಾ ಅಂತ ನಾನೇ ಹೇಳ್ದೆ. ಒಂದೇ ಸಲ ಹೋಗಿ ಎರಡು ಮುಳುಗು ಹಾಕಿದ್ರೆ ಎರಡೂ ತೀರುತ್ತಲ್ಲ. ಯಾರಿಗೂ ಗೊತ್ತಾಗಲ್ಲ.”

ಇಷ್ಟು ಒಳ್ಳೆಯ ಹೆಂಡತಿಯ ಮೇಲೆ ಕೋಪ ಮಾಡಿಕೊಳ್ಳುವುದು ಹೇಗೆ. ವೃಷಭೇಂದ್ರಪ್ಪ ಅವಳ ಪಕ್ಕದಲ್ಲಿ ಕೂತು, ಧ್ವನಿ ತಗ್ಗಿಸಿ, ಬಚ್ಚಲಿನಲ್ಲಿ ನಡೆದದ್ದನ್ನೆಲ್ಲ ಹೇಳಿದ. ಕೊಪ್ಪರಿಗೆಯನ್ನು ಹೇಳಿದ, ತಂಬಿಗೆಯ ತೀರ್ಥವನ್ನು ಹೇಳಿದ. ತಾನು ಮುಳುಗಿದ ಗಳಿಗೆಗೇ ಮಗು ಅತ್ತಿತು, ಆದ್ದರಿಂದ ಹಳೆಯದು ತೀರಿದೆ, ಹೊಸದನ್ನು ಹೇಗಾದರೂ ಮಾಡಿ ತಪ್ಪಿಸು ಎಂದು ಬೇಡಿಕೊಂಡ.

ಶಿವಕುಮಾರಿಯ ಕಣ್ಣು ತುಂಬಿತು. ಕೈ ಚಾಚಿ ಅವನ ಕೆಂಪು ಕೆನ್ನೆಯನ್ನು ಮುಟ್ಟಿ ನೋಡಿದಳು.

“ನನಗೋಸ್ಕರ ಪೂರ್ತಿ ಮುಳುಗಿದ್ರಾ? ತಲೆವರೆಗೂ?”

“ತಲೆವರೆಗೂ,” ಎಂದ ವೃಷಭೇಂದ್ರಪ್ಪ ಆಸೆಯಿಂದ.

“ಹಾಗಾದ್ರೆ ಅಭ್ಯಾಸ ಆಯ್ತು ಬಿಡಿ,” ಎಂದಳು ಅವಳು ನೆಮ್ಮದಿಯಿಂದ ಕಣ್ಣು ಮುಚ್ಚುತ್ತಾ. “ಈ ಸಲ ಅಮ್ಮನೂ ಜೊತೆಗೆ ಬರ್ತಾರೆ. ನಿಮಗೆ ಹೆದರಿಕೆ ಆಗಬಾರ್ದು ಅಂತ, ಕೈಹಿಡಿದು ನೀನೇ ಮುಳುಗಿಸಮ್ಮಾ ಅಂತ ಹೇಳಿದೀನಿ.”